ದಾಖಲಾತಿ ಪುಸ್ತಕದಲ್ಲಿ ನಾವೆಲ್ಲಿದ್ದೇವೆ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟ ವಿಷಯ ‘ಶರಣರ ದೃಷ್ಟಿಯಲ್ಲಿ ಶಿಕ್ಷಣ’. ಇದರ ಮೇಲೆ ವಚನಗಳನ್ನು ಹೇಳಿ ಮಾತನಾಡಬಲ್ಲವರು ಈ ಸಭೆಯಲ್ಲೇ ಹತ್ತಾರು ಜನ ಇದ್ದೀರಿ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ, ಕಟ್ಟಡ ಅಂತ ಅಳತೆ ಪುಸ್ತಕ ಬರೆದುಕೊಂಡು ನಿವೃತ್ತನಾದವನು. ಹಾಗಾಗಿ ವಚನ ಹೇಳುವ ಬದಲು ಇನ್ನೊಂದು ಪುಸ್ತಕದ ಬಗ್ಗೆ ಹೇಳುತ್ತೇನೆ. ಅದು ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ.

ಕಳೆದ ಮಳೆಗಾಲದಲ್ಲಿ ಆ ಶಾಲೆಯ ಒಂದು ಕೋಣೆ ಸೋರುತ್ತಿತ್ತು. ಮುಖ್ಯ ಶಿಕ್ಷಕಿ ನನ್ನನ್ನು ಕರೆದು, ‘ಸರ್, ನೀವು ಇಂಜಿನಿಯರ್ ಇದ್ದೀರಿ, ಒಮ್ಮೆ ನೋಡಿ ಹೇಳ್ರಿ’ ಅಂದರು. ಸ್ಲ್ಯಾಬಿನ ಮೇಲೆ ಹತ್ತಿ ನೋಡಿ ಇಳಿಯುವಷ್ಟರಲ್ಲಿ ಮಳೆ ಜೋರಾಯಿತು. ನಿಲ್ಲುವವರೆಗೆ ಕೂಡಬೇಕಲ್ಲ, ನನ್ನ ಹೆಸರು ಇದೆಯೇ ನೋಡೋಣ ಅಂತ ಹಳೆಯ ದಾಖಲಾತಿ ಪುಸ್ತಕ ಕೇಳಿದೆ. 1966ರ ಪುಟದಲ್ಲಿ ಹೆಸರು ಸಿಕ್ಕಿತು. ಆಗ ನಮ್ಮೂರು ಧಾರವಾಡ ಜಿಲ್ಲೆಗೆ ಸೇರಿತ್ತು, ಗದಗ ಜಿಲ್ಲೆ ಆದದ್ದು 1997ರಲ್ಲಿ. ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ದಲಿತ ಕೇರಿಯ ನನ್ನ ಓರಗೆಯವನ ಹೆಸರು, ಕೆಳಗಿನ ಸಾಲಿನಲ್ಲಿ ಕುರುಬರ ಹುಡುಗ, ಅದರ ಕೆಳಗೆ ಗೌಡರ ಮನೆಯ ಹುಡುಗ. ಊರೇ ಆ ಪುಟದಲ್ಲಿತ್ತು.

ಹಳೆಯ ಕಾಲವನ್ನು ಹೊಗಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಮೇಲಿನ ಸಾಲಿನ ಹುಡುಗ ನಮ್ಮ ಜೊತೆ ತರಗತಿಯ ಒಳಗೆ ಕೂಡುತ್ತಿರಲಿಲ್ಲ, ಪಡಸಾಲೆಯಲ್ಲಿ ಬಾಗಿಲ ಹತ್ತಿರ ಕೂಡುತ್ತಿದ್ದ. ನೀರು ಬೇಕಾದರೆ ಯಾರಾದರೂ ಮೇಲಿನಿಂದ ಹಾಕಬೇಕು. ನಾನೇ ಹಾಕಿದ್ದೇನೆ. ಹಾಕುವಾಗ ನನಗೇನೂ ಅನಿಸಲಿಲ್ಲ ಎಂಬುದನ್ನೂ ಹೇಳಬೇಕು. ಅವನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ. ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಹೈಸ್ಕೂಲು ಮುಗಿಸಿದೆ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದೆ. ಒಂದೇ ಪುಟದ ಎರಡು ಸಾಲು ಹೀಗೆ ಬೇರೆಯಾದವು.

ಆಮೇಲೆ ಈಗಿನ ಪುಸ್ತಕ ತೆಗೆಸಿ ನೋಡಿದೆ. ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು 38 ಮಕ್ಕಳು. ಅಳತೆ ಮಾಡುವ ಚಟ ನನಗೆ ಹೋಗಿಲ್ಲ, ಎಣಿಸಿದೆ. ಪರಿಶಿಷ್ಟ ಜಾತಿಯವರು 17, ವಾಲ್ಮೀಕಿ ಸಮಾಜದವರು 8, ಕುರುಬರು 6, ಮುಸಲ್ಮಾನರು 4. ಉಳಿದ 3 ಮಕ್ಕಳು ನಮ್ಮವರು. ಆ ಮೂವರೂ ಹೆಣ್ಣುಮಕ್ಕಳು.

ಊರಿನಲ್ಲಿ ಹೆಚ್ಚು ಮನೆ ಇರುವುದು ನಮ್ಮವೇ. ಶಾಲೆಯ ಜಾಗ ಬಿಟ್ಟುಕೊಟ್ಟವರು ನಮ್ಮ ಓಣಿಯ ಹಿರಿಯರು. ಹಾಗಾದರೆ ನಮ್ಮ ಮಕ್ಕಳೆಲ್ಲಿ ಅಂತ ಕೇಳುವ ಕಾರಣವೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಅಗಸೆಯ ಹತ್ತಿರ ನಿಂತರೆ ಸಾಕು. ಎರಡು ಹಳದಿ ಬಸ್ಸು ಬರುತ್ತವೆ. ಟೈ ಕಟ್ಟಿದ ಗಂಡುಹುಡುಗರು ಹತ್ತುತ್ತಾರೆ. ಅದರಲ್ಲಿ ಒಂದು ಬಸ್ಸಿನ ಮೇಲೆ ಬಸವಣ್ಣನವರ ಚಿತ್ರ ಇದೆ, ಅದು ಒಂದು ಮಠದ ಸಂಸ್ಥೆಯ ಬಸ್ಸು. ಅದೇ ಹೊತ್ತಿಗೆ ಕೆಲವು ಮನೆಗಳಿಂದ ಅದೇ ಹುಡುಗರ ಅಕ್ಕ ತಂಗಿಯರು ಪಾಟಿಚೀಲ ಹಾಕಿಕೊಂಡು ಸರ್ಕಾರಿ ಶಾಲೆಗೆ ನಡೆಯುತ್ತಾರೆ. ಫೀ ಒಬ್ಬರಿಗೆ ಮಾತ್ರ ಕಟ್ಟಲು ಆಗುವ ಮನೆಯಲ್ಲಿ ಆ ಒಬ್ಬರು ಯಾರು ಎನ್ನುವುದು ತೀರ್ಮಾನವಾಗಿಯೇ ಇರುತ್ತದೆ. ಅಕ್ಕಮಹಾದೇವಿಯ ಜಯಂತಿಗೆ ಅದೇ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೂ ಕೊಡುತ್ತೇವೆ.

ಇನ್ನೊಂದು ವಿಷಯ. ಆ ಪುಸ್ತಕದಲ್ಲಿ ಧರ್ಮ ಮತ್ತು ಜಾತಿಯ ಕಾಲಂ ಇರುತ್ತದೆ. ಅಲ್ಲಿ ‘ಹಿಂದೂ ಲಿಂಗಾಯತ’ ಅಂತ ಬರೆಯಬೇಕೋ ಬರೀ ‘ಲಿಂಗಾಯತ’ ಅಂತ ಬರೆಯಬೇಕೋ ಎನ್ನುವುದಕ್ಕೆ 2017ರಲ್ಲಿ ಬೀದರ್, ಬೆಳಗಾವಿ, ಕಲಬುರ್ಗಿಯಲ್ಲಿ ನಾವೆಲ್ಲ ಸೇರಿದೆವು. ನಾನೂ ಬೆಳಗಾವಿಗೆ ಹೋಗಿ ಬಿಸಿಲಲ್ಲಿ ನಿಂತವನೇ. ಈಗಲೂ ಆ ಬೇಡಿಕೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನಮ್ಮೂರ ಪುಸ್ತಕದಲ್ಲಿ ಆ ಕಾಲಂನಲ್ಲಿ ನಮ್ಮ ಹೆಸರು ಹೇಗೆ ಬರೆದರೂ ಬರೆಯಲು ಉಳಿದವರು ಮೂರು ಹುಡುಗಿಯರು. ಕಾಲಂ ಬಗ್ಗೆ ಇಷ್ಟು ಯೋಚಿಸಿದ ನಾವು ಸಾಲಿನ ಬಗ್ಗೆ ಯಾವತ್ತು ಯೋಚಿಸಿದೆವು?

ಮಕ್ಕಳು ಯಾಕೆ ಹೋದರು ಅಂದರೆ ಎಲ್ಲರೂ ಹೇಳುವುದು ಇಂಗ್ಲಿಷ್. ಅದು ನಿಜ. 1994ರಲ್ಲಿ ಸರ್ಕಾರ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯೇ ಮಾಧ್ಯಮ ಎಂದು ಆದೇಶ ಮಾಡಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. 2019ರಿಂದ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಆದರೆ ಸೋರಿಕೆ ಎಲ್ಲಿ ಕಾಣುತ್ತದೋ ಅಲ್ಲೇ ಬಿರುಕು ಇರುವುದಿಲ್ಲ ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ನೀರು ಸ್ಲ್ಯಾಬಿನೊಳಗೆ ಎಲ್ಲೋ ಇಳಿದು ಎಲ್ಲೋ ತೊಟ್ಟಿಕ್ಕುತ್ತದೆ. ನಮ್ಮೂರಿನ ಮಕ್ಕಳು ಒಂದನೆಯ ತರಗತಿಯಲ್ಲಿ ಶಾಲೆ ಬಿಟ್ಟವರಲ್ಲ, ಅವರು ಶಾಲೆಗೆ ಬಂದೇ ಇಲ್ಲ. ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದು ಮಗುವಿಗೆ ಆರು ವರ್ಷಕ್ಕೆ. ಹಳದಿ ಬಸ್ಸು ಮೂರೂವರೆ ವರ್ಷದ ಮಗುವನ್ನು ಎಲ್‌ಕೆಜಿಗೆ ಎತ್ತಿಕೊಂಡು ಹೋಗುತ್ತದೆ. ಎರಡು ವರ್ಷ ಅಲ್ಲಿ ಹಾಡು ಕಲಿತು, ಗೆಳೆಯರನ್ನು ಮಾಡಿಕೊಂಡ ಮಗುವನ್ನು ಯಾವ ತಾಯಿ ತಿರುಗಿ ಕರೆತಂದು ಇಲ್ಲಿ ಒಂದನೆಯ ತರಗತಿಗೆ ಹಾಕುತ್ತಾಳೆ? ಬಿರುಕು ಇರುವುದು ಅಲ್ಲಿ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡಿದ್ದಾರೆ. ನಮ್ಮಂಥ ಸಣ್ಣ ಊರಿಗೆ ಅದು ಬಂದಿಲ್ಲ.

ಒಮ್ಮೆ ಸೋರಿಕೆ ಶುರುವಾದರೆ ಮುಂದಿನದನ್ನು ನಿಯಮವೇ ನೋಡಿಕೊಳ್ಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಮಕ್ಕಳು ಕಡಿಮೆಯಾದಾಗ ಒಬ್ಬರನ್ನು ‘ಹೆಚ್ಚುವರಿ’ ಅಂತ ಗುರುತಿಸಿ ಬೇರೆ ಊರಿಗೆ ಕಳಿಸುತ್ತಾರೆ. ನಮ್ಮ ಶಾಲೆಯಲ್ಲಿ ಈಗ ಇಬ್ಬರು. ನಲಿ ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೆಯ ತರಗತಿ ಒಂದೇ ಕೋಣೆಯಲ್ಲಿ, ನಾಲ್ಕು ಐದು ಇನ್ನೊಂದರಲ್ಲಿ. ಒಬ್ಬರು ತರಬೇತಿಗೋ ಮತದಾರರ ಪಟ್ಟಿಯ ಕೆಲಸಕ್ಕೋ ಹೋದರೆ ಐದೂ ತರಗತಿ ಒಬ್ಬರ ಪಾಲಿಗೆ. ಅದನ್ನು ನೋಡಿ ಇನ್ನೊಬ್ಬ ತಂದೆ ಮಗನ ವರ್ಗಾವಣೆ ಪತ್ರ ಕೇಳಲು ಬರುತ್ತಾನೆ. ಬಸ್ಸು ಹತ್ತುವವರಲ್ಲಿ 23 ಮಕ್ಕಳು ಇಳಿದು ಈ ಕಡೆ ನಡೆದರೆ ಮೂರನೆಯ ಶಿಕ್ಷಕರು ಬರುತ್ತಾರೆ ಅಂತ ನಾನು ಲೆಕ್ಕ ಹಾಕಿ ತೋರಿಸಿದೆ. ಮುಖ್ಯ ಶಿಕ್ಷಕಿ ನಕ್ಕು ಸುಮ್ಮನಾದರು.

ಹೋದವರಿಂದ ಆಗುವ ನಷ್ಟ ಸಂಖ್ಯೆಯಷ್ಟೇ ಅಲ್ಲ. ಇದು ನನ್ನ ಇಲಾಖೆಯ ಅನುಭವದ ಮಾತು, ಯಾರೂ ತಪ್ಪು ತಿಳಿಯಬೇಡಿ. ಅಂದಾಜು ಪತ್ರಿಕೆ ಎಲ್ಲ ಊರಿಗೂ ತಯಾರಾಗುತ್ತವೆ. ಆದರೆ ಯಾವ ಊರಿನ ನಾಲ್ಕು ಜನ ಬಂದು ಕಚೇರಿಯ ಬಾಕಿನ ಮೇಲೆ ಕೂತು, ‘ಸಾಹೇಬ್ರ, ನಮ್ಮ ಹುಡುಗ್ರು ಕೂಡೋ ಕೋಣಿ ಐತ್ರಿ’ ಅಂತ ಹೇಳುತ್ತಾರೋ ಆ ಕಡತ ಮೇಲೆ ಬರುತ್ತದೆ. ಹಾಗೆ ಮೇಲೆ ತಂದವನು ನಾನೂ ಹೌದು. ಈಗ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಮಹಿಳೆಯರು ಇರಬೇಕು. ನಿಯಮ ಒಳ್ಳೆಯದೇ. ಆದರೆ ತಾಲ್ಲೂಕು ಕಚೇರಿಯಲ್ಲಿ ಕುರ್ಚಿ ಸಿಗುವ ಮನೆಗಳ ಮಕ್ಕಳು ಶಾಲೆಯಲ್ಲಿಲ್ಲ. ಶಾಲೆಯಲ್ಲಿರುವ ಮಕ್ಕಳ ತಾಯಂದಿರು ಒಂದು ದಿನದ ಕೂಲಿ ಬಿಟ್ಟು ಹೋದರೂ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಸಮಿತಿಯ ಅಧ್ಯಕ್ಷೆಯನ್ನು ಭೇಟಿಯಾಗಲು ಹೋದೆ. ನನ್ನ ಮೇಲಿನ ಸಾಲಿನ ಆ ಗೆಳೆಯನ ಸೊಸೆ ಅವರು. ಅವರ ಹಿರಿಯ ಮಗ ಎರಡನೆಯ ತರಗತಿಯಲ್ಲಿದ್ದಾನೆ. ಕಿರಿಯವನನ್ನು ಮುಂದಿನ ವರ್ಷ ಸಂಘದಲ್ಲಿ ಸಾಲ ತೆಗೆದು ಬಸ್ಸಿನ ಶಾಲೆಗೆ ಹಾಕುತ್ತೇವೆ ಅಂದರು. ನಾನು ಅವಸರದಲ್ಲಿ ಉಪದೇಶ ಶುರು ಮಾಡಿದೆ. ಅಧ್ಯಕ್ಷರೇ ಹೀಗೆ ಮಾಡಿದರೆ ಹೇಗೆ ತಾಯಿ, ಕನ್ನಡ ಶಾಲೆ ಉಳಿಯಬೇಕಲ್ಲ ಅಂದೆ. ಅವರು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ ಹೇಳಿದರು: ‘ಸಾಹೇಬ್ರ, ನಮಗೇನು ಇಂಗ್ಲಿಷಿನ ಹುಚ್ಚಿಲ್ರಿ. ನಿಮ್ಮ ಓಣಿ ಹುಡುಗ್ರು ಎಲ್ಲಿ ಹೋಗ್ತಾವೋ ಛಲೋ ಸಾಲಿ ಅಲ್ಲೇ ಇರತೈತಿ ಅಂತ ನಮಗ ಗೊತ್ತೈತಿ. ನೀವು ಬಿಟ್ಟ ಸಾಲಿ ಅಂದಮ್ಯಾಲೆ ಅದು ನಮಗ ಯಾಕ್ ಬೇಕ್ರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಅವಳ ಮಾವನನ್ನು ಪಡಸಾಲೆಯಲ್ಲಿ ಕೂರಿಸಿದ್ದೆವು. ಈಗ ಇಡೀ ಶಾಲೆಯನ್ನೇ ಪಡಸಾಲೆ ಮಾಡಿ ನಾವು ಬಸ್ಸು ಹತ್ತಿದ್ದೇವೆ.

ಈಗ ಊಟದ ವಿಷಯ. 2002ರಲ್ಲಿ ನಮ್ಮ ರಾಜ್ಯದಲ್ಲಿ ಬಿಸಿಯೂಟ ಶುರುವಾದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ನಮ್ಮ ಶರಣರ ಮಾತನ್ನು ಸರ್ಕಾರ ತೆಗೆದುಕೊಂಡಿತು, ನಮಗೆ ಹೆಮ್ಮೆಯಾಯಿತು. ಒಂದು ದಿನ ಮಕ್ಕಳ ಜೊತೆ ಉಣ್ಣೋಣ ಅಂತ ಪಂಕ್ತಿಯಲ್ಲಿ ಕೂತೆ. ಅನ್ನ ಸಾರು ಚೆನ್ನಾಗಿಯೇ ಇತ್ತು. ಎಣಿಸಿದರೆ ಪಂಕ್ತಿಯಲ್ಲಿ ಒಂದು ಮಗು ಕಡಿಮೆ. ತರಗತಿಯಲ್ಲಿ ಒಬ್ಬಳು ಹುಡುಗಿ ಒಂಟಿಯಾಗಿ ಕೂತು ಮನೆಯಿಂದ ತಂದ ಡಬ್ಬಿಯಲ್ಲಿ ಉಣ್ಣುತ್ತಿದ್ದಳು. ನನ್ನನ್ನು ನೋಡಿ ಡಬ್ಬಿಯ ಮೇಲೆ ಕೈ ಮುಚ್ಚಿದಳು. ಅವಳು ನನ್ನ ಸ್ವಂತ ತಮ್ಮನ ಮೊಮ್ಮಗಳು. ಅವಳ ಅಣ್ಣ ಬಸ್ಸಿನಲ್ಲಿ ಹೋಗುವವನು.

ಸಂಜೆ ತಮ್ಮನ ಮನೆಗೆ ಹೋಗಿ ಕೇಳಿದೆ. ತಮ್ಮನ ಹೆಂಡತಿ ಬಾಗಿಲ ಮರೆಯಿಂದ, ‘ಬಾವನೋರ, ಅಲ್ಲೆ ತತ್ತಿ ಕೊಡ್ತಾರಲ್ರಿ’ ಅಂದರು. ತತ್ತಿಯ ಗಲಾಟೆ ನಿಮಗೆಲ್ಲ ನೆನಪಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದಾಗ ನಮ್ಮ ಕೆಲವು ಪೂಜ್ಯರೇ ವಿರೋಧಿಸಿದ್ದರು. ಆ ಚರ್ಚೆಗೆ ನಾನು ಹೋಗುವುದಿಲ್ಲ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, ತತ್ತಿಯನ್ನು ಅನ್ನದಲ್ಲಿ ಕಲಸುವುದೂ ಇಲ್ಲ. ಇದನ್ನೆಲ್ಲ ಹೇಳಿ, ಹಾಗಾದರೆ ಅನ್ನ ಸಾರು ಉಣ್ಣುವುದಕ್ಕೆ ಏನು ಅಡ್ಡಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, ‘ಮಾಡಾಕಿ ಯಾರು ಅಂತ ನಿಮಗ ಗೊತ್ತಿಲ್ಲೇನ್ರಿ’ ಅಂದರು.

ಅಡುಗೆ ಮಾಡುವವರು ದಲಿತ ಕೇರಿಯ ಒಬ್ಬ ವಿಧವೆ. ನನ್ನ ತಮ್ಮನ ಹೆಂಡತಿ ದಿನಾ ಇಷ್ಟಲಿಂಗ ಪೂಜೆ ಮಾಡಿಕೊಳ್ಳದೆ ನೀರು ಮುಟ್ಟುವವರಲ್ಲ. ಈ ಮಠದ ಗೋಷ್ಠಿಗೂ ಬರುತ್ತಾರೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯ ಪ್ರಸಂಗ ಪುರಾಣದಲ್ಲಿ ಬಂದಾಗ ಅವರು ಕಣ್ಣೊರೆಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಕೆಟ್ಟವರೆಂದು ಹೇಳುತ್ತಿಲ್ಲ. ಕಲ್ಯಾಣದಲ್ಲಿ ನಡೆದದ್ದು ನಮ್ಮ ಓಣಿಯಲ್ಲೂ ನಡೆಯಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ಅಷ್ಟರಲ್ಲಿ ತಮ್ಮ ಹೊಲದಿಂದ ಬಂದ. ಮಾತು ಬೆಳೆಯಿತು. ಮೊಮ್ಮಗನನ್ನೂ ಇದೇ ಶಾಲೆಗೆ ಹಾಕು ಅಂದೆ. ಅವನು ಹೇಳಿದ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ‘ಅಣ್ಣಾ, ನಿನ್ನ ಮಕ್ಕಳು ಧಾರವಾಡದಾಗ ಕಾನ್ವೆಂಟ್ ಕಲ್ತು ಒಬ್ಬ ಬೆಂಗಳೂರಾಗ, ಒಬ್ಬಾಕಿ ಅಮೆರಿಕಾದಾಗ ಅದಾರ. ನಾ ಇಲ್ಲೇ ಹೊಲ ಮಾಡಿದೆ. ಈಗ ಸಮಾನತೆ ಮಾಡಾಕ ನನ್ನ ಮೊಮ್ಮಗನ ಸಿಕ್ಕನೇನು ನಿನಗ?’ ಅಂದ. ಅವನ ಮಾತು ನೂರಕ್ಕೆ ನೂರು ನಿಜ. ನಾನು ನೌಕರಿಯಲ್ಲಿದ್ದ ಯಾವ ಊರಿನಲ್ಲೂ ನನ್ನ ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕುವ ವಿಚಾರವೇ ನಮಗೆ ಬಂದಿರಲಿಲ್ಲ. ಶಾಲಾ ಕಟ್ಟಡಗಳನ್ನು ಕಟ್ಟಿಸಿದೆ, ಅದರೊಳಗೆ ನನ್ನವರನ್ನು ಕೂರಿಸಲಿಲ್ಲ. ಆದ್ದರಿಂದ ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಬುದ್ಧಿ ಹೇಳಲು ಇಲ್ಲಿ ನಿಂತಿಲ್ಲ, ಕೇಳಿಕೊಳ್ಳಲು ನಿಂತಿದ್ದೇನೆ.

ಕೇಳಿಕೊಳ್ಳುವುದು ಮೊದಲು ಪೂಜ್ಯರಲ್ಲಿ. ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಶುರು ಮಾಡಿದರು. ಆಗ ಊರುಗಳಲ್ಲಿ ಶಾಲೆ ಇರಲಿಲ್ಲ, ಅದಕ್ಕೆ ಕಟ್ಟಿದರು. ಮಠಗಳು ಪ್ರಸಾದ ನಿಲಯ ತೆರೆದು ಬಡ ಮಕ್ಕಳನ್ನು ಓದಿಸಿದವು. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರು ಯಾವ ಜಾತಿ ಎಂದು ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಶಾಲೆ ಇಲ್ಲದ ಕಡೆ ಶಾಲೆ ಕಟ್ಟುವುದು ಒಂದು ಕೆಲಸ. ಶಾಲೆ ಇರುವ ಊರಿನಿಂದ ಫೀ ಕಟ್ಟಬಲ್ಲವರ ಮಕ್ಕಳನ್ನು ಮಾತ್ರ ಎತ್ತಿಕೊಂಡು ಹೋಗುವುದು ಬೇರೆ ಕೆಲಸ. ಎರಡಕ್ಕೂ ಒಂದೇ ಮಠದ ಹೆಸರು ಇರುವುದರಿಂದ ವ್ಯತ್ಯಾಸ ನಮಗೆ ಕಾಣದೆ ಹೋಗಿದೆ.

ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 25 ಸೀಟು ಕೊಡಬೇಕೆಂಬ ನಿಯಮ ಇತ್ತಲ್ಲ ಎನ್ನಬಹುದು. 2019ರಿಂದ ನಮ್ಮ ರಾಜ್ಯದಲ್ಲಿ ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಸೀಟು ಹಂಚುವುದಿಲ್ಲ. ಅದಲ್ಲದೆ, ಮಾಧ್ಯಮದ ತೀರ್ಪು ಬಂದ ಅದೇ ದಿನ, 2014ರ ಮೇ 6ರಂದು, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದೂ ಸುಪ್ರೀಂ ಕೋರ್ಟು ಹೇಳಿತು. ಸ್ವತಂತ್ರ ಧರ್ಮದ ಮಾನ್ಯತೆ ಸಿಕ್ಕರೆ ನಮ್ಮ ಸಂಸ್ಥೆಗಳಿಗೂ ಆ ವಿನಾಯಿತಿ ಸಿಗುತ್ತದೆ ಎಂದು 2018ರಲ್ಲಿ ಒಬ್ಬರು ಸಂತೋಷದಿಂದ ನನ್ನ ಕಿವಿಯಲ್ಲಿ ಹೇಳಿದ್ದರು. ಬಸವಣ್ಣನವರ ಹೆಸರಿನಲ್ಲಿ ಮಾನ್ಯತೆ ಪಡೆದು, ಹರಳಯ್ಯನವರ ಮನೆಯ ಮಗುವಿಗೆ ಬಾಗಿಲು ಹಾಕುವ ಸೌಲಭ್ಯವನ್ನು ನಾವು ಬಳಸಿಕೊಳ್ಳುವುದಿಲ್ಲ ಎಂದು ಮಠಗಳು ಈಗಲೇ ಘೋಷಿಸಬೇಕು. ಮಾನ್ಯತೆ ಬರುವುದು ಯಾವಾಗಲಾದರೂ ಬರಲಿ.

ಮಠದ ಬಸ್ಸು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಮ್ಮ ಜನ ಇನ್ನೊಂದು ಬಸ್ಸು ಹತ್ತುತ್ತಾರೆ. ನಾನು ಕೇಳುವುದು ಒಬ್ಬ ಶಿಕ್ಷಕಿ. ನಮ್ಮೂರ ಸರ್ಕಾರಿ ಶಾಲೆಯ ಖಾಲಿ ಕೋಣೆಯಲ್ಲಿ ನಾಲ್ಕು, ಐದು ವರ್ಷದ ಮಕ್ಕಳಿಗೆ ಕಲಿಸಲು ತರಬೇತಿಯಾದ ಒಬ್ಬ ಹೆಣ್ಣುಮಗಳಿಗೆ ಮಠದ ದಾಸೋಹ ನಿಧಿಯಿಂದ ಗೌರವಧನ ಕೊಡಬೇಕು. ಆ ಕೋಣೆಗೆ ಎಲ್ಲ ಓಣಿಯ ಮಕ್ಕಳೂ ಬರಬೇಕು. ಅಂಗನವಾಡಿಯ ಕಾರ್ಯಕರ್ತೆಯನ್ನು ಬಿಟ್ಟು ಇದನ್ನು ಮಾಡುವುದು ಸರಿಯಲ್ಲ, ಅವರನ್ನೂ ಕೂಡಿಸಿಕೊಂಡು, ಶಿಕ್ಷಣ ಇಲಾಖೆಯ ಅನುಮತಿ ಪಡೆದು ಮಾಡಬೇಕು. ಕೋಣೆಯ ಸೋರಿಕೆ ನಿಲ್ಲಿಸಿದ್ದೇನೆ. ವಾಟರ್‌ಪ್ರೂಫಿಂಗ್ ಖರ್ಚು ನನ್ನ ಪಿಂಚಣಿಯಿಂದ ಹಾಕಿದ್ದೇನೆ, ಅದು ದೊಡ್ಡದಲ್ಲ. ಗೌರವಧನದ ಮೊದಲ ವರ್ಷದ ಅರ್ಧ ಭಾರವನ್ನೂ ನಾನು ಹೊರುತ್ತೇನೆ. ನನ್ನ ಮಕ್ಕಳ ಕಾನ್ವೆಂಟಿನ ಫೀ ಈಗ ಕಟ್ಟುತ್ತಿದ್ದೇನೆ ಅಂತ ತಿಳಿಯಿರಿ.

ಊಟದ ವಿಷಯದಲ್ಲಿ ಹಣ ಬೇಕಿಲ್ಲ. ಪೂಜ್ಯರು ಒಂದು ದಿನ, ಮುಂಚಿತವಾಗಿ ಯಾರಿಗೂ ಹೇಳದೆ, ಹಾರ ತುರಾಯಿ ಇಲ್ಲದೆ, ನಮ್ಮ ಶಾಲೆಯ ಪಂಕ್ತಿಯಲ್ಲಿ ಮಕ್ಕಳ ಜೊತೆ ಪ್ರಸಾದ ಸ್ವೀಕರಿಸಬೇಕು. ಅಡುಗೆ ಮಾಡುವ ಆ ತಾಯಿಯೇ ಬಡಿಸಬೇಕು. ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನ ಮಾತು ಕೇಳುವುದಿಲ್ಲ, ಪೂಜ್ಯರು ಎಲ್ಲಿ ಉಂಡರು ಎಂಬುದನ್ನು ನೋಡುತ್ತಾರೆ.

ತಮ್ಮ ಎರಡು ತಿಂಗಳಿನಿಂದ ನನ್ನ ಜೊತೆ ಮಾತನಾಡುತ್ತಿಲ್ಲ. ಇವತ್ತು ಸಭೆಗೆ ಬಂದಿದ್ದಾನೆ, ಹಿಂದೆ ಕೂತಿದ್ದಾನೆ. ಮೊಮ್ಮಗಳ ಡಬ್ಬಿ ಇನ್ನೂ ಹೋಗುತ್ತಿದೆ. ಆದರೆ ಕಳೆದ ವಾರ ಮುಖ್ಯ ಶಿಕ್ಷಕಿ ಹೇಳಿದರು, ಹುಡುಗಿ ಈಗ ಡಬ್ಬಿ ತೆಗೆದುಕೊಂಡು ಬಂದು ಪಂಕ್ತಿಯಲ್ಲೇ ಕೂತು ಉಣ್ಣುತ್ತಾಳಂತೆ, ಪಕ್ಕದವಳಿಗೆ ಚಟ್ನಿ ಕೊಟ್ಟು ಅವಳ ತಟ್ಟೆಯ ಸಾರು ತೆಗೆದುಕೊಳ್ಳುತ್ತಾಳಂತೆ. ಮನೆಯಲ್ಲಿ ಗೊತ್ತಿಲ್ಲ. ಈಗ ಗೊತ್ತಾಯಿತು. ಅವಳನ್ನು ಬೈಯಬೇಡಿ ಅಂತ ಈ ಸಭೆಯಲ್ಲಿಯೇ ತಮ್ಮನಿಗೂ ಅವನ ಮನೆಯವರಿಗೂ ಕೈ ಮುಗಿಯುತ್ತೇನೆ.

ಮೇ ತಿಂಗಳ ಕೊನೆಯ ವಾರದಲ್ಲಿ ದಾಖಲಾತಿ ಆಂದೋಲನ ಶುರುವಾಗುತ್ತದೆ. ಶಿಕ್ಷಕರು ಮನೆ ಮನೆಗೆ ಹೋಗುತ್ತಾರೆ. ನಮ್ಮ ಓಣಿಗೆ ಹೋಗುವಾಗ ಅವರ ಜೊತೆ ನಾನೂ ಸಮಿತಿಯ ಅಧ್ಯಕ್ಷೆಯೂ ಇರುತ್ತೇವೆ. ಜೊತೆಗೆ ಬರುವವರು ಗೋಷ್ಠಿ ಮುಗಿದ ಮೇಲೆ ಹೊರಗಿನ ಕಟ್ಟೆಯ ಹತ್ತಿರ ಹೆಸರು, ಫೋನ್ ನಂಬರು ಬರೆಸಿ. ಪುಸ್ತಕ, ಪೆನ್ನು ತಂದಿದ್ದೇನೆ.